ಮನೆಯ ಕಂಪ್ಯೂಟರ್ ನಡುಮನೆಯಲ್ಲಿರಲಿ, ಮನೆಮಂದಿಗೆಲ್ಲ ಸೇರಿದ್ದಾಗಿರಲಿ

ನಮ್ಮ ರಾಜ್ಯದಲ್ಲಿ ಪಹಣಿಯು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕವನ್ನು ಬಿಟ್ಟು ಕಂಪ್ಯೂಟರನ್ನು ಸೇರಿ ಎರಡು ದಶಕಗಳು ಕಳೆದಿವೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯೊಂದಿಗೆ ಈ ಬದಲಾವಣೆ ಆರಂಭವಾಯಿತು. ಆ ಬಳಿಕ ಒಂದೊಂದಾಗಿ ರೈತನ ಕಾಗದಪತ್ರಗಳೆಲ್ಲ ಅದೇ ದಾರಿ ಹಿಡಿದವು. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದಿತು; 2019ರಲ್ಲಿ ಪಿ.ಎಂ. ಕಿಸಾನ್ ಬಂದಿತು. ಇಂದು ಫ್ರೂಟ್ಸ್ ಗುರುತಿನ ಸಂಖ್ಯೆಯಿಲ್ಲದೆ ಇಲಾಖೆಗಳ ಸಹಾಯಧನ ಪಡೆಯುವುದು ಕಷ್ಟ. ಬೆಳೆ ಸಮೀಕ್ಷೆ, 11ಇ ನಕ್ಷೆ, ಖಾತೆ ಬದಲಾವಣೆ, ಮಾರುಕಟ್ಟೆಯ ಧಾರಣೆ ಇವೆಲ್ಲವೂ ಪರದೆಯ ಮೇಲೆಯೇ ಕಾಣಸಿಗುತ್ತವೆ.

ಹೀಗಿದ್ದರೂ ಅನೇಕ ರೈತ ಕುಟುಂಬಗಳಲ್ಲಿ ಈ ಕೆಲಸವೆಲ್ಲ ನಡೆಯುವುದು ಎರಡೇ ಕಡೆ: ಒಂದು, ಮನೆಯ ಒಬ್ಬ ಮಗನ ಮೊಬೈಲಿನಲ್ಲಿ, ಇಲ್ಲವೇ ಹೋಬಳಿ ಊರಿನ ಕಂಪ್ಯೂಟರ್ ಅಂಗಡಿಯಲ್ಲಿ. ಉಳಿದವರಿಗೆ ತಮ್ಮದೇ ಜಮೀನಿನ ದಾಖಲೆಯಲ್ಲಿ ಏನಿದೆ ಎಂಬುದು ತಿಳಿಯದು. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆಯನ್ನು ನಾವು ಉಳುಮೆಗೆ ಹೇಳುತ್ತೇವೆ, ದಾಖಲೆಗೆ ಹೇಳುವುದಿಲ್ಲ. ಅನುಕೂಲವಿರುವ ರೈತ ಕುಟುಂಬವು ಮನೆಮಂದಿಗೆಲ್ಲ ಸೇರಿದ ಒಂದು ಮೇಜಿನ ಕಂಪ್ಯೂಟರನ್ನು ಹೊಂದಿ, ಅದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ನಡುಮನೆಯಲ್ಲಿಟ್ಟು ಬಳಸುವುದು ಲೇಸು ಎಂಬುದು ಈ ಲೇಖಕನ ಅಭಿಪ್ರಾಯ. ಅದನ್ನು ಆರಿಸುವಾಗಲೂ ಅಳವಡಿಸುವಾಗಲೂ ಇದೇ ಉದ್ದೇಶವನ್ನು ಎದುರಿಗಿಟ್ಟುಕೊಳ್ಳಬೇಕು.

ಮೊಬೈಲ್ ಇರುವಾಗ ಇದೇಕೆ?

ಈ ಪ್ರಶ್ನೆ ನ್ಯಾಯವಾದದ್ದು. ಧಾರಣೆ ನೋಡಲು, ಮಳೆಯ ಮುನ್ಸೂಚನೆ ಕೇಳಲು, ರೋಗ ಬಿದ್ದ ಎಲೆಯ ಚಿತ್ರ ಕಳುಹಿಸಲು ಮೊಬೈಲೇ ಸಾಕು. ಹೊಲದಲ್ಲಿ ನಿಂತು ಮಾಡುವ ಕೆಲಸಕ್ಕೆ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಕುಳಿತು ಓದಿ, ತಾಳೆ ನೋಡಿ, ಬರೆದಿಡುವ ಕೆಲಸವೇ ಬೇರೆ. ಪಹಣಿಯ 9ನೆಯ ಕಲಮಿನಲ್ಲಿ ಖಾತೆದಾರರ ಹೆಸರು, 11ನೆಯ ಕಲಮಿನಲ್ಲಿ ಸಾಲ ಹಾಗೂ ಇತರ ಹಕ್ಕುಗಳು, 12ನೆಯ ಕಲಮಿನಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತವೆ. ಅಂಗೈಯಗಲದ ಗಾಜಿನ ಮೇಲೆ ಇದನ್ನು ಸರಿಸಿ ಸರಿಸಿ ಓದುವವನು ಒಂದು ಕಲಮನ್ನು ನೋಡುವಾಗ ಇನ್ನೊಂದನ್ನು ಮರೆತಿರುತ್ತಾನೆ. ಅರವತ್ತು ದಾಟಿದ ಯಜಮಾನರಿಗಂತೂ ಅಕ್ಷರವೇ ಕಾಣದು. 22 ಅಂಗುಲದ ಪರದೆಯ ಮೇಲಾದರೆ ಪಹಣಿಯ ಪುಟ ಪೂರ್ತಿ ಕಾಣುತ್ತದೆ; ನಾಲ್ವರು ಒಟ್ಟಿಗೆ ಕುಳಿತು ಓದಬಹುದು.

ಹೀಗೆ ಓದುವುದರ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆ ಸಾಕು. ತೊಗರಿಗೆ ವಿಮೆ ಕಟ್ಟಿದ ಹೊಲವು ಬೆಳೆ ಸಮೀಕ್ಷೆಯಲ್ಲಿ ಹತ್ತಿ ಎಂದು ದಾಖಲಾಗಿದ್ದರೆ, ಪರಿಹಾರದ ಹೊತ್ತಿಗೆ ಎರಡೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಗುವ ಅಪಾಯವಿದೆ. ಸಮೀಕ್ಷೆಯ ವಿವರವನ್ನು ಹಂಗಾಮಿನಲ್ಲಿಯೇ ನೋಡಿ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಲಾಗುತ್ತದೆ. ಆದರೆ ನೋಡುವವರೇ ಇಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸುವವರು ಯಾರು?

ಇನ್ನೊಂದು ಅಂಶ ಇದಕ್ಕಿಂತ ಗಂಭೀರವಾದದ್ದು. ಮೊಬೈಲು ಒಬ್ಬ ವ್ಯಕ್ತಿಯ ವಸ್ತು. ಅದರ ಬೀಗ ಅವನ ಬೆರಳಿನಲ್ಲಿದೆ. ಆತ ಊರು ಬಿಟ್ಟರೆ ದಾಖಲೆಯೂ ಊರು ಬಿಡುತ್ತದೆ. ಯಜಮಾನರು ಅಕಸ್ಮಾತ್ ತೀರಿಕೊಂಡಾಗ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಮೊದಲಾದವನ್ನು ಹೊಂದಿಸಬೇಕಾಗುತ್ತದೆ. ಬ್ಯಾಂಕಿನ ವಿವರ, ವಿಮೆಯ ರಸೀತಿ, ಹಳೆಯ ಪಹಣಿ ಇವೆಲ್ಲ ಬೀಗ ಬಿದ್ದ ಮೊಬೈಲಿನೊಳಗೆ ಉಳಿದರೆ, ದುಃಖದ ಮನೆಯಲ್ಲಿ ಹುಡುಕಾಟವೂ ಅನುಮಾನವೂ ಸೇರಿಕೊಳ್ಳುತ್ತವೆ. ಅಣ್ಣತಮ್ಮಂದಿರ ನಡುವಿನ ಎಷ್ಟೋ ಮನಸ್ತಾಪಗಳಿಗೆ ಮೂಲ ಕಾರಣ ಜಮೀನಲ್ಲ, ಜಮೀನಿನ ಲೆಕ್ಕ ಒಬ್ಬನಿಗೇ ಗೊತ್ತಿರುವುದು.

ಕೊಳ್ಳುವವರು ಯಾರು, ಕೊಳ್ಳಬಾರದವರು ಯಾರು?

ಎಲ್ಲರೂ ಕೊಳ್ಳಬೇಕೆಂದು ಹೇಳುವುದು ಸರಿಯಲ್ಲ. ಬೆಳೆಸಾಲದ ಹಣವನ್ನು ಇದಕ್ಕೆ ತಿರುಗಿಸುವುದು ಖಂಡಿತ ಕೂಡದು. ಗೊಬ್ಬರಕ್ಕೆಂದು ತಂದ ಹಣ ಗೊಬ್ಬರಕ್ಕೇ ಹೋಗಬೇಕು. ಎರಡು ಎಕರೆ ಖುಷ್ಕಿ ಇರುವ, ಓದುವ ಮಕ್ಕಳಿಲ್ಲದ ಮನೆಯವರು ಗ್ರಾಮ ಒನ್ ಕೇಂದ್ರದಲ್ಲಿ ಕೆಲಸ ಮುಗಿಸಿಕೊಂಡು, ಪ್ರತಿಯೊಂದು ಕಾಗದದ ನಕಲನ್ನು ಮನೆಯಲ್ಲಿ ಜೋಡಿಸಿಟ್ಟರೆ ಸಾಕು. ಅಣ್ಣತಮ್ಮಂದಿರ ಎರಡು ಮೂರು ಮನೆಗಳು ಅಕ್ಕಪಕ್ಕದಲ್ಲಿದ್ದರೆ ಒಂದೇ ಯಂತ್ರವನ್ನು ಸಮಪಾಲಿನಲ್ಲಿ ಕೊಳ್ಳಬಹುದು.

ಪ್ರೌಢಶಾಲೆ ಅಥವಾ ಕಾಲೇಜಿನಲ್ಲಿ ಓದುವ ಮಕ್ಕಳಿರುವ, ಒಂದಕ್ಕಿಂತ ಹೆಚ್ಚು ಸರ್ವೆ ನಂಬರಿನ ಜಮೀನಿರುವ, ಹೈನುಗಾರಿಕೆ ಅಥವಾ ತೋಟಗಾರಿಕೆಯ ಲೆಕ್ಕವಿರುವ ಮನೆಗಳಿಗೆ ಇದು ಖರ್ಚಲ್ಲ, ನೇಗಿಲಿನಂತೆ ಒಂದು ಸಾಧನ. ಸುಗ್ಗಿಯ ಹಣ ಕೈಗೆ ಬಂದಾಗ, ಸಾಲವಿಲ್ಲದೆ ಕೊಳ್ಳುವುದು ಒಳ್ಳೆಯದು.

ಹಣವನ್ನು ಹತ್ತು ಪಾಲು ಮಾಡಿರಿ

ಬಾವಿಯ ಆಳ ನೋಡಿ ಪಂಪಿನ ಅಶ್ವಶಕ್ತಿ ನಿರ್ಧರಿಸುತ್ತೇವೆ. ಅಂಗಡಿಯವನು ಹೇಳಿದಷ್ಟು ಅಶ್ವಶಕ್ತಿಯ ಮೋಟಾರನ್ನು ತರುವುದಿಲ್ಲ. ಇಲ್ಲಿಯೂ ಅದೇ ವಿವೇಕ ಬೇಕು. ಅಂಗಡಿಯಲ್ಲಿ ಯಂತ್ರದ ವೇಗವನ್ನೇ ದೊಡ್ಡದಾಗಿ ಹೇಳುತ್ತಾರೆ. ರೈತನ ಮನೆಯ ಕೆಲಸಕ್ಕೆ ಅತಿ ವೇಗದ ಯಂತ್ರ ಬೇಕಿಲ್ಲ. ಇಡುವ ಹಣವನ್ನು ಹತ್ತು ಪಾಲು ಮಾಡಿದರೆ ಆರು ಪಾಲು ಯಂತ್ರ ಮತ್ತು ಪರದೆಗೆ, ಎರಡು ಪಾಲು ವಿದ್ಯುತ್ ರಕ್ಷಣೆಗೆ, ಒಂದು ಪಾಲು ದಾಖಲೆಗಳ ಪ್ರತಿ ಇಡುವ ಸಾಧನಕ್ಕೆ, ಉಳಿದ ಒಂದು ಪಾಲು ಮೇಜು, ಕುರ್ಚಿ, ಹೊದಿಕೆಗೆ ಇರಲಿ ಎಂಬುದು ನನ್ನ ಸಲಹೆ. ಹತ್ತಕ್ಕೆ ಹತ್ತನ್ನೂ ಯಂತ್ರಕ್ಕೆ ಸುರಿದು, ಮೊದಲ ಗುಡುಗುಮಳೆಗೆ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಯಂತ್ರದಲ್ಲಿ ಗಮನಿಸತಕ್ಕ ಅಂಶಗಳು ನಾಲ್ಕು. ಮೊದಲನೆಯದಾಗಿ, ಮಾಹಿತಿ ಇಡುವ ಭಾಗವು ತಿರುಗುವ ಹಾರ್ಡ್ ಡಿಸ್ಕ್ ಆಗಿರದೆ ಎಸ್.ಎಸ್.ಡಿ. ಆಗಿರಬೇಕು. ಹಳೆಯ ಯಂತ್ರವೂ ಇದರಿಂದ ಚುರುಕಾಗುತ್ತದೆ. 256 ಜಿ.ಬಿ. ಕನಿಷ್ಠ, 512 ಜಿ.ಬಿ. ಇದ್ದರೆ ಒಳ್ಳೆಯದು. ಎರಡನೆಯದಾಗಿ, ರ‍್ಯಾಮ್ 8 ಜಿ.ಬಿ.ಗಿಂತ ಕಡಿಮೆ ಇರಬಾರದು. ಮುಂದೆ ಹೆಚ್ಚಿಸಲು ಖಾಲಿ ಜಾಗವಿದೆಯೇ ಎಂದು ಕೇಳಿರಿ. ಮೂರನೆಯದಾಗಿ, ಪರದೆ 22ರಿಂದ 24 ಅಂಗುಲವಿರಲಿ. ನಾಲ್ಕನೆಯದಾಗಿ, ಯಂತ್ರವು ಎಷ್ಟು ವಿದ್ಯುತ್ ಕುಡಿಯುತ್ತದೆ ಎಂಬುದನ್ನು ವಿಚಾರಿಸಿರಿ. ಪರದೆಯೂ ಸೇರಿ 100 ವ್ಯಾಟ್ ಎಳೆಯುವ ಯಂತ್ರವನ್ನು ದಿನಕ್ಕೆ 4 ಗಂಟೆ ನಡೆಸಿದರೆ ತಿಂಗಳಿಗೆ 12 ಯೂನಿಟ್ ಆಗುತ್ತದೆ. ಈಚಿನ ಪುಟ್ಟ ಪೆಟ್ಟಿಗೆಯ ಕಂಪ್ಯೂಟರುಗಳಿಗೆ ಇದರ ಅರ್ಧವೂ ಬೇಕಾಗುವುದಿಲ್ಲ.

ಕಚೇರಿಗಳಲ್ಲಿ ಬಳಸಿ ತೆಗೆದ ಹಳೆಯ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಇವನ್ನು ಕೊಳ್ಳುವುದು ತಪ್ಪಲ್ಲ. ಆದರೆ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವಂತೆ ಇದರ ವಯಸ್ಸನ್ನೂ ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ಅದರ ಈಚಿನ ಪ್ರೊಸೆಸರ್ ಹಾಗೂ ಟಿ.ಪಿ.ಎಂ. 2.0 ಎಂಬ ಭದ್ರತಾ ಬಿಡಿಭಾಗ ಇರಬೇಕು. ಇವಿಲ್ಲದ ಯಂತ್ರವನ್ನು ‘ವಿಂಡೋಸ್ ಹಾಕಿಕೊಡುತ್ತೇನೆ’ ಎಂದು ಮಾರುವವರ ಮಾತಿಗೆ ಮರುಳಾಗಬೇಡಿರಿ. ಕಳ್ಳಪ್ರತಿಯ ವಿಂಡೋಸ್ ಕಳಪೆ ಬಿತ್ತನೆ ಬೀಜವಿದ್ದಂತೆ. ಮೊಳಕೆಯೇನೋ ಬರುತ್ತದೆ, ಆದರೆ ಜೊತೆಗೆ ಯಾವ ಕಳೆ ಬಂದಿದೆಯೆಂಬುದು ಬೆಳೆದ ಮೇಲೆಯೇ ತಿಳಿಯುವುದು. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅದು ಬೇಡ.

ಹಣ ಕೊಟ್ಟು ವಿಂಡೋಸ್ ಕೊಳ್ಳಲಾಗದವರು ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಉಚಿತ ವ್ಯವಸ್ಥೆಗಳನ್ನು ಹಾಕಿಸಿಕೊಳ್ಳಬಹುದು. ಜಾಲತಾಣ ನೋಡಲು, ಪತ್ರ ಬರೆಯಲು, ಲೆಕ್ಕ ಇಡಲು ಅವು ಸಾಕು. ಮಕ್ಕಳು ವಾಣಿಜ್ಯ ವಿಷಯ ಓದುತ್ತಿದ್ದು ಟ್ಯಾಲಿ ಕಲಿಯಬೇಕಾದರೆ ಮಾತ್ರ ವಿಂಡೋಸ್ ಅವಶ್ಯಕ.

ಮುದ್ರಣ ಯಂತ್ರವನ್ನು ಮೊದಲ ವರ್ಷವೇ ತರುವ ಅವಸರ ಬೇಡ. ತಿಂಗಳಿಗೆ ಹತ್ತು ಹಾಳೆಗಿಂತ ಹೆಚ್ಚು ಬೇಕಾಗದ ಮನೆಯಲ್ಲಿ ಶಾಯಿಯ ಮುದ್ರಕವು ಬಳಕೆಯಿಲ್ಲದೆ ಒಣಗಿ ಕಟ್ಟಿಕೊಳ್ಳುತ್ತದೆ. ಬೇಕೇ ಬೇಕೆಂದರೆ ಕಪ್ಪುಬಿಳುಪಿನ ಲೇಸರ್ ಮುದ್ರಕ ಮೇಲು.

ವಿದ್ಯುತ್ತಿನ ಬಗ್ಗೆ ಎಚ್ಚರ

ಹಳ್ಳಿಯ ಮನೆಯಲ್ಲಿ ಕಂಪ್ಯೂಟರಿನ ಮೊದಲ ಶತ್ರು ವಿದ್ಯುತ್ತೇ. ಸುತ್ತಲಿನ ಪಂಪುಗಳು ಒಮ್ಮೆಲೇ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ತೋಟದ ಮನೆಗಳಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಆದುದರಿಂದ ಕೆಳಗಿನ ಕ್ರಮಗಳನ್ನು ಯಂತ್ರ ಮನೆಗೆ ಬರುವ ಮುಂಚೆಯೇ ಕೈಗೊಳ್ಳತಕ್ಕದ್ದು.

1. ಅನುಭವಸ್ಥ ವೈರ್‌ಮನ್‌ರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿರಿ. ನ್ಯೂಟ್ರಲ್ ಮತ್ತು ಅರ್ಥ್ ತಂತಿಗಳ ನಡುವೆ 2–3 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಬೇಕು.

2. 600 ವಿ.ಎ. ಸಾಮರ್ಥ್ಯದ ಒಂದು ಯು.ಪಿ.ಎಸ್. ಸಾಮಾನ್ಯ ಯಂತ್ರಕ್ಕೆ ಸಾಕು. ಅದು ಹತ್ತು ಹದಿನೈದು ನಿಮಿಷ ಮಾತ್ರ ನಡೆಸುತ್ತದೆ. ಗಂಟೆಗಟ್ಟಲೆ ಕೆಲಸ ಮಾಡಲು ಅದು ಇರುವುದಲ್ಲ. ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಇರುವುದು. ಲೇಸರ್ ಮುದ್ರಕವನ್ನು ಯು.ಪಿ.ಎಸ್.ಗೆ ಜೋಡಿಸಕೂಡದು.

3. ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಇದ್ದರೆ ಅದನ್ನು ಯು.ಪಿ.ಎಸ್. ಕ್ರಮಕ್ಕೆ ಹಾಕಿ ಬಳಸಬಹುದು. ಬ್ಯಾಟರಿಯ ನೀರು ನೋಡುವ ಹೊಣೆ ಒಬ್ಬರಿಗೆ ವಹಿಸಿರಿ.

4. ಯುಗಾದಿ ಕಳೆದ ಮೇಲಿನ ಗುಡುಗುಮಳೆಯ ದಿನಗಳಲ್ಲಿ, ಗುಡುಗು ಕೇಳುವ ಮುನ್ನ, ಮೋಡ ಕಟ್ಟಿದಾಗಲೇ ಪ್ಲಗ್ಗುಗಳನ್ನು ಗೋಡೆಯಿಂದ ಕಿತ್ತಿಡಿರಿ. ಸ್ವಿಚ್ ಆರಿಸಿದರೆ ಸಾಲದು. ಅಂತರ್ಜಾಲದ ಗಾಜಿನ ತಂತಿಯಲ್ಲಿ ಸಿಡಿಲು ಹರಿಯದಿದ್ದರೂ, ಅದರ ಪೆಟ್ಟಿಗೆಯ ವಿದ್ಯುತ್ ಪ್ಲಗ್ಗಿನಲ್ಲಿ ಹರಿಯುತ್ತದೆ. ಅದನ್ನೂ ಕೀಳಬೇಕು.

ಇಡುವ ಜಾಗ

ಕಂಪ್ಯೂಟರನ್ನು ಮಗನ ಕೋಣೆಯಲ್ಲಿಟ್ಟರೆ ಅದು ಮಗನ ಕಂಪ್ಯೂಟರ್ ಆಗುತ್ತದೆ. ನಡುಮನೆಯಲ್ಲಿಟ್ಟರೆ ಮನೆಯ ಕಂಪ್ಯೂಟರ್ ಆಗುತ್ತದೆ. ಪರದೆಯು ಎಲ್ಲರೂ ಓಡಾಡುವ ಕಡೆಗೆ ಮುಖ ಮಾಡಿರಲಿ. ಮಕ್ಕಳು ಆಟದಲ್ಲಿಯೂ ಬೇಡದ ಚಿತ್ರಗಳಲ್ಲಿಯೂ ಮುಳುಗಿ ಕೆಡುತ್ತಾರೆಂಬ ಭಯ ಅನೇಕ ತಾಯಿತಂದೆಯರಿಗಿದೆ. ಆ ಭಯ ಸುಳ್ಳಲ್ಲ. ಆದರೆ ಬಾಗಿಲು ಹಾಕಿಕೊಂಡು ಹೊದಿಕೆಯೊಳಗೆ ನೋಡುವ ಮೊಬೈಲಿಗಿಂತ, ಅಜ್ಜಿ ಅವರೆಕಾಯಿ ಸುಲಿಯುತ್ತ ಕುಳಿತಿರುವ ನಡುಮನೆಯ ಪರದೆ ಎಷ್ಟೋ ಸುರಕ್ಷಿತ. ಕಾವಲಿಗೆ ಬೇರೆ ತಂತ್ರಾಂಶ ಬೇಕಾಗುವುದಿಲ್ಲ.

ಒಲೆಯ ಹೊಗೆ, ಕಣದ ಧೂಳು ತಾಗದ, ಬಿಸಿಲು ನೇರವಾಗಿ ಬೀಳದ ಗೋಡೆಯನ್ನು ಆರಿಸಿರಿ. ಪೆಟ್ಟಿಗೆಯನ್ನು ನೆಲದ ಮೇಲಿಡದೆ ಒಂದು ಅಡಿಯಷ್ಟಾದರೂ ಎತ್ತರದಲ್ಲಿಡಬೇಕು. ಹಿಂಭಾಗದಲ್ಲಿ ಗಾಳಿಯಾಡಲು ಒಂದು ಗೇಣು ಜಾಗ ಬಿಡಬೇಕು. ಇಲಿ ತಂತಿ ಕಡಿಯುತ್ತದೆ, ಹಲ್ಲಿ ಮತ್ತು ಇರುವೆ ಒಳಹೊಕ್ಕು ಗೂಡು ಮಾಡುತ್ತವೆ. ತಂತಿಗಳನ್ನು ಪಿ.ವಿ.ಸಿ. ಕೊಳವೆಯೊಳಗೆ ಹಾಯಿಸಿ, ಪೆಟ್ಟಿಗೆಯ ತೆರೆದ ಕಂಡಿಗಳನ್ನು ಮುಚ್ಚಿಸಿರಿ. ಯಂತ್ರ ನಡೆಯುವಾಗ ಬಟ್ಟೆ ಹೊದಿಸಬಾರದು. ನಿಲ್ಲಿಸಿ ತಣಿದ ಮೇಲೆ ಹೊದಿಸಬೇಕು.

ಕನ್ನಡದಲ್ಲಿಯೇ ನಡೆಯಲಿ

ಯಂತ್ರ ಇಂಗ್ಲಿಷಿನಲ್ಲಿ ಮಾತ್ರ ಮಾತನಾಡಿದರೆ ಮನೆಯ ಅರ್ಧ ಜನ ದೂರ ನಿಲ್ಲುತ್ತಾರೆ. ಇಂದು ಆ ಅಡ್ಡಿ ಇರಬೇಕಿಲ್ಲ. ವಿಂಡೋಸ್ ಮತ್ತು ಲಿಬ್ರೆ ಆಫೀಸ್ ಎರಡರಲ್ಲಿಯೂ ಕನ್ನಡದ ಮುಖಪುಟ ದೊರೆಯುತ್ತದೆ. ಬೆರಳಚ್ಚಿಗೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಇದೆ. ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲಿಯೇ ಬರೆಯಬೇಕೆಂಬುದನ್ನು ಮಾತ್ರ ಮರೆಯಬಾರದು. ಹಳೆಯ ಕ್ರಮದ ಅಕ್ಷರದಲ್ಲಿ ಬರೆದ ಕಡತವು ಆ ಅಕ್ಷರವಿಲ್ಲದ ಇನ್ನೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತದೆ. ಹತ್ತು ವರ್ಷದ ಲೆಕ್ಕ ಹೀಗೆ ಓದಲಾಗದೆ ಹೋದರೆ ಬರೆದೂ ವ್ಯರ್ಥ.

ಬೀಗ ಮತ್ತು ಬೀಗದ ಕೈ

ಎಲ್ಲರಿಗೂ ಸೇರಿದ್ದು ಎಂದರೆ ಎಲ್ಲವೂ ಎಲ್ಲರಿಗೂ ತೆರೆದಿರಬೇಕೆಂದು ಅರ್ಥವಲ್ಲ. ಮನೆಯಲ್ಲಿ ಕಣಜ ಎಲ್ಲರದು, ಪೆಟ್ಟಿಗೆ ಅವರವರದು. ಯಂತ್ರದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ, ಬೇರೆ ಬೇರೆ ಗುಪ್ತಪದ ಮಾಡಿಕೊಡಿರಿ. ಹೊಸ ತಂತ್ರಾಂಶ ಹಾಕುವ ಮೇಲ್ವಿಚಾರಣೆಯ ಖಾತೆ ಇಬ್ಬರು ಹಿರಿಯರ ಕೈಯಲ್ಲಿ ಮಾತ್ರ ಇರಲಿ. ಒಬ್ಬರಲ್ಲ, ಇಬ್ಬರು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ ಎಂದು ಒತ್ತಿ ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಹೆಚ್ಚು ಓದಿದವಳು ಸೊಸೆ. ಹಾಲಿನ ಲೆಕ್ಕ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳೂ ಅವಳೇ. ಜಮೀನಿನ ಲೆಕ್ಕ ಬಂದಾಗ ಮಾತ್ರ ಅವಳನ್ನು ಒಳಗೆ ಕಳುಹಿಸುವುದು ಯಾವ ನ್ಯಾಯ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಹಕ್ಕಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ತಿದ್ದುಪಡಿ ಬಂದಿದೆ. ಹಕ್ಕಿದ್ದವರಿಗೆ ಪಹಣಿ ನೋಡಲು ಅಡ್ಡಿಯೇಕೆ?

‘ಜಮೀನು’, ‘ಬ್ಯಾಂಕು’, ‘ಬೆಳೆಲೆಕ್ಕ’, ‘ವಿಮೆ’, ‘ಓದು’ ಎಂದು ಐದು ಕಡತಕೋಶಗಳಿದ್ದರೆ ಸಾಕು. ಕಡತದ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಸರ್ವೆ ನಂಬರು, ಕೊನೆಗೆ ವಿಷಯ ಬರೆಯಿರಿ. ಹೀಗೆ ಬರೆದರೆ ಅವು ತಾವಾಗಿಯೇ ವರ್ಷದ ಸರದಿಯಲ್ಲಿ ನಿಲ್ಲುತ್ತವೆ. ಬೆಳೆಲೆಕ್ಕದಲ್ಲಿ ಬೀಜ, ಗೊಬ್ಬರ, ಔಷಧಿ, ಕೂಲಿ, ಬಾಡಿಗೆ, ಸಾಗಾಣಿಕೆ, ಮಾರಾಟ ಎಂಬ ಏಳು ಕಲಮುಗಳಿರಲಿ. ಮನೆಯವರ ದುಡಿಮೆಯನ್ನೂ ಕೂಲಿಯ ದರದಲ್ಲಿ ಬರೆಯಬೇಕು. ಮೂರು ಹಂಗಾಮು ಬರೆದ ಮೇಲೆ ಯಾವ ಬೆಳೆ ಕೈ ಹಿಡಿಯುತ್ತಿದೆ, ಯಾವುದು ಕೈ ಕಚ್ಚುತ್ತಿದೆ ಎಂಬುದು ವಾದವಿಲ್ಲದೆ ತಿಳಿಯುತ್ತದೆ.

ಬ್ಯಾಂಕಿನ ಗುಪ್ತಪದವನ್ನು ಯಂತ್ರದಲ್ಲಿ ಉಳಿಸಬಾರದು. ಒ.ಟಿ.ಪಿ.ಯನ್ನು ಫೋನಿನಲ್ಲಿ ಕೇಳುವವರಾರೇ ಆಗಲಿ, ಕೊಡಬಾರದು. ದುರಸ್ತಿಗೆಂದು ಅಪರಿಚಿತರು ದೂರದಿಂದಲೇ ಯಂತ್ರವನ್ನು ನಡೆಸುವುದಾಗಿ ಹೇಳಿದರೆ ಒಪ್ಪಬಾರದು. ಮೋಸವಾಗಿದೆಯೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಮರಳುವ ಆಸೆ ಕಡಿಮೆ. ಮುಖ್ಯ ಗುಪ್ತಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಲಕೋಟೆಯಲ್ಲಿ ಅಂಟಿಸಿ, ಕ್ರಯಪತ್ರ ಇರುವ ಪೆಟ್ಟಿಗೆಯಲ್ಲಿಯೇ ಇಡಿರಿ. ಅದು ಎಲ್ಲಿದೆಯೆಂಬುದು ಇಬ್ಬರಿಗೆ ತಿಳಿದಿರಲಿ.

ಬಿತ್ತನೆ ಬೀಜದಂತೆ ಪ್ರತಿ

ಬೆಳೆದದ್ದನ್ನೆಲ್ಲ ಒಂದೇ ಕಣಜಕ್ಕೆ ತುಂಬಿ ಬೀಜಕ್ಕೆ ಬೇರೆ ಎತ್ತಿಡದ ರೈತನಿಲ್ಲ. ದಾಖಲೆಗೂ ಇದೇ ನಿಯಮ. ಯಂತ್ರದಲ್ಲಿರುವುದರ ಎರಡು ಪ್ರತಿಗಳಿರಬೇಕು. ಒಂದು, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಸದಾ ಯಂತ್ರಕ್ಕೆ ಸಿಕ್ಕಿಸಿರಬಾರದು. ಇನ್ನೊಂದು, ಬೇರೆ ಊರಿನಲ್ಲಿರುವ ಮಗಳ ಅಥವಾ ತಮ್ಮನ ಮನೆಯಲ್ಲಿ. ಪೆನ್ ಡ್ರೈವು ಸಾಗಿಸಲು ಸರಿ, ವರ್ಷಗಟ್ಟಲೆ ಕಾಪಿಡಲು ಸರಿಯಲ್ಲ. ಅಮಾವಾಸ್ಯೆಯಂದು ನಮ್ಮಲ್ಲಿ ಅನೇಕರು ನೇಗಿಲು ಹೂಡುವುದಿಲ್ಲ. ಆ ದಿನ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ತಿಂಗಳಿಗೊಮ್ಮೆ ಮರೆಯದೆ ಪ್ರತಿ ತೆಗೆದಂತಾಗುತ್ತದೆ. ಪರದೆಯ ಮೇಲಿನ ಪ್ರತಿ ಎಷ್ಟೇ ಸ್ಪಷ್ಟವಾಗಿದ್ದರೂ ಮೂಲ ಕ್ರಯಪತ್ರ, ವಿಭಾಗಪತ್ರಗಳ ಸ್ಥಾನವನ್ನು ಅದು ತುಂಬಲಾರದು. ಅವುಗಳನ್ನು ಎಂದಿನಂತೆಯೇ ಜೋಪಾನ ಮಾಡಬೇಕು.

ಕೊನೆಯ ಮಾತು

ಯಂತ್ರ ಬಂದ ಮಾತ್ರಕ್ಕೆ ಬೇಸಾಯ ಸುಧಾರಿಸುವುದಿಲ್ಲ. ಮಳೆ, ಬೆಲೆ ಎರಡೂ ಅದರ ಮಾತು ಕೇಳುವುದಿಲ್ಲ. ಅದು ಮಾಡಬಲ್ಲದ್ದು ಒಂದೇ: ಮನೆಯ ಜಮೀನು, ಸಾಲ, ಬೆಳೆ ಇವುಗಳ ನಿಜಸ್ಥಿತಿಯನ್ನು ಮನೆಯವರೆಲ್ಲರ ಮುಂದೆ ಒಂದೇ ಸಮನಾಗಿ ಇಡುವುದು. ಆ ಕೆಲಸವೂ ಯಂತ್ರವನ್ನು ಎಲ್ಲಿಡುತ್ತೇವೆ, ಯಾರ ಕೈಗೆ ಕೊಡುತ್ತೇವೆ ಎಂಬುದರ ಮೇಲೆ ನಿಂತಿದೆ. ಈ ಸುಗ್ಗಿಯಲ್ಲಿ ಕಂಪ್ಯೂಟರ್ ಕೊಳ್ಳಬೇಕೆಂದಿರುವ ರೈತ ಬಾಂಧವರು ಅಂಗಡಿಗೆ ಹೋಗುವ ಮುನ್ನ ಮನೆಯವರನ್ನೆಲ್ಲ ಕೂರಿಸಿಕೊಂಡು, ಅದರ ಮೇಜು ಎಲ್ಲಿರಬೇಕು, ಬೀಗದ ಕೈ ಯಾವ ಇಬ್ಬರ ಬಳಿ ಇರಬೇಕು, ಸಂಜೆ ಯಾವ ಹೊತ್ತು ಮಕ್ಕಳ ಓದಿಗೆ, ಯಾವ ಹೊತ್ತು ಲೆಕ್ಕಕ್ಕೆ ಎಂಬುದನ್ನು ತೀರ್ಮಾನಿಸಿಕೊಳ್ಳಲಿ. ಅರ್ಥಿಂಗ್ ಮಾಡಿಸಲಿ. ಆಮೇಲೆ ಅಂಗಡಿಗೆ ಹೋಗಲಿ.